ನಮ್ಮ ಕಾಡಿನ ಕಡವೆ

ಹಳೆಯ ಕನ್ನಡ–ಇಂಗ್ಲಿಷ್ ನಿಘಂಟೊಂದನ್ನು ತೆರೆದು ‘ಕಡವೆ’ ಎಂಬ ಶಬ್ದಕ್ಕೆ ಅರ್ಥವನ್ನು ಹುಡುಕಿದರೆ, ಅಲ್ಲಿ ‘ಎಲ್ಕ್’ ಎಂದು ಬರೆದಿರುವುದು ಕಾಣಬರುತ್ತದೆ. ಅಷ್ಟಕ್ಕೆ ತೃಪ್ತರಾಗದ ಪಟ್ಟಣವಾಸಿಯೊಬ್ಬರು ಎಲ್ಕ್ ಎಂದರೇನೆಂದು ಇಂಗ್ಲಿಷ್ ಚಿತ್ರಪುಸ್ತಕವನ್ನು ನೋಡಿದರೆನ್ನೋಣ. ಅಲ್ಲಿ ಹಿಮದ ನಡುವೆ ಮೊಣಕಾಲವರೆಗೆ ಹೂತು ನಿಂತಿರುವ, ಜೋತುಬಿದ್ದ ಮೂತಿಯ, ಅಂಗೈಯಂತೆ ಅಗಲವಾದ ಕೊಂಬುಗಳ ದೈತ್ಯಮೃಗವೊಂದು ಅವರ ಕಣ್ಣಿಗೆ ಬೀಳುವುದು. ಇಂಥ ಪ್ರಾಣಿ ಕನಕಪುರದ ಕಾಡಿನಲ್ಲಿ ಎಂದು ಹೇಗೆ ಇದ್ದೀತು ಎಂದು ಅವರು ಬೆರಗಾದರೆ ಆಶ್ಚರ್ಯವಿಲ್ಲ. ತಪ್ಪು ಅವರದಲ್ಲ, ನಿಘಂಟುಕಾರರದೂ ಅಲ್ಲ. ಒಂದು ಹೆಸರು ಸಮುದ್ರಗಳನ್ನು ದಾಟಿ ಮೂರು ಬೇರೆ ಬೇರೆ ಪ್ರಾಣಿಗಳ ಮೇಲೆ ಕುಳಿತುಕೊಂಡ ಕಥೆಯಿದು.

ಯೂರೋಪು ಖಂಡದ ಉತ್ತರಭಾಗದಲ್ಲಿ ಎಲ್ಕ್ ಎಂದರೆ ಮೇಲೆ ಹೇಳಿದ ಅಗಲಗೊಂಬಿನ ಮೃಗ. ಇದನ್ನೇ ಅಮೆರಿಕದವರು ‘ಮೂಸ್’ ಎನ್ನುತ್ತಾರೆ. ಅಮೆರಿಕಕ್ಕೆ ಹೋಗಿ ನೆಲಸಿದ ಆಂಗ್ಲೇಯರು ಅಲ್ಲಿ ಬೇರೊಂದು ದೊಡ್ಡ ಜಿಂಕೆಯನ್ನು ಕಂಡು, ತಮ್ಮ ಪೂರ್ವಿಕರ ನಾಡಿನ ಹೆಸರನ್ನು ಅದಕ್ಕೆ ಅಂಟಿಸಿದರು. ಅದು ಕವಲುಕವಲಾದ ಕೊಂಬುಗಳ ‘ವಾಪಿಟಿ’. ಇನ್ನು ಸಿಂಹಳದ್ವೀಪದ ಬೆಟ್ಟಗಳಲ್ಲಿಯೂ ನಮ್ಮ ದಕ್ಷಿಣದ ಮಲೆಗಳಲ್ಲಿಯೂ ಕಾಫಿ ತೋಟ ಮಾಡಿ ಬೇಟೆಯಾಡುತ್ತಿದ್ದ ದೊರೆಗಳು ನಮ್ಮ ಕಡವೆಯನ್ನು ನೋಡಿ, ಇದೂ ಎಲ್ಕ್ ಎಂದು ಕರೆದುಬಿಟ್ಟರು. ಸ್ಯಾಮ್ಯುಯೆಲ್ ಬೇಕರ್ ಎಂಬ ಪ್ರಸಿದ್ಧ ಬೇಟೆಗಾರನು ಸಿಂಹಳದ ಬೇಟೆಗಳನ್ನು ಕುರಿತು ೧೮೫೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಡವೆಗೆ ಈ ಹೆಸರನ್ನೇ ಇಟ್ಟಿದ್ದಾನೆ. ಆ ರೂಢಿಯೇ ನಮ್ಮ ನಿಘಂಟುಗಳಿಗೂ ಇಳಿಯಿತು. ಭರತಖಂಡದಲ್ಲಿ ಅಮೆರಿಕದ ಎಲ್ಕಿಗೆ ನಿಜವಾಗಿ ಸಮೀಪದ ಬಂಧುವಾದ ಮೃಗ ಒಂದು ಉಂಟು. ಅದು ಕಾಶ್ಮೀರದ ಹಂಗುಲ್. ಶ್ರೀನಗರದ ಬಳಿಯ ದಾಚಿಗಾಮ್ ಕಣಿವೆಯಲ್ಲಿ ಅದರ ಅಲ್ಪಸಂಖ್ಯೆಯ ಸಂತತಿ ಉಳಿದುಕೊಂಡಿದೆ. ನಮ್ಮದು ಅದಲ್ಲ. ನಮ್ಮದಕ್ಕೆ ಒಳ್ಳೆಯ ಹೆಸರು ಇದ್ದೇ ಇದೆ. ಕನ್ನಡದಲ್ಲಿ ಕಡವೆ, ಕೊಡವರಲ್ಲಿ ಕಡಮೆ, ತುಳುವಿನಲ್ಲಿ ಕಡಮ. ಉತ್ತರದೇಶದಲ್ಲಿ, ಸಂಸ್ಕೃತದ ‘ಶಂಬರ’ದಿಂದ ಬಂದ, ಸಾಂಬರ್. ಇಷ್ಟು ಹೆಸರುಗಳಿರುವಾಗ ಎಲ್ಕಿನ ಸಾಲವನ್ನು ತೀರಿಸಿಬಿಡುವುದೇ ಲೇಸೆಂದು ನಮಗೆ ತೋರುತ್ತದೆ.

ಪ್ರಾಣಿಶಾಸ್ತ್ರಜ್ಞರ ಪುಸ್ತಕದೊಳಕ್ಕೆ ಕಡವೆ ಪ್ರವೇಶಿಸಿದುದು ೧೭೯೨ರಲ್ಲಿ. ಎಡಿನ್‌ಬರೋ ನಗರದ ರಾಬರ್ಟ್ ಕೆರ್ ಎಂಬಾತನು ಸಿಂಹಳದ ಕಡವೆಯನ್ನು ಆಧಾರಮಾಡಿಕೊಂಡು ‘ಯೂನಿಕಲರ್’, ಅಂದರೆ ‘ಏಕವರ್ಣದ್ದು’ ಎಂಬ ಹೆಸರನ್ನು ಕೊಟ್ಟನು. ಚುಕ್ಕೆಯಿಲ್ಲದ, ಪಟ್ಟೆಯಿಲ್ಲದ ಕಂದುಬಣ್ಣದ ಮೈಗೆ ಇದು ತಕ್ಕ ಹೆಸರೇ ಸರಿ. ಮೂವತ್ತು ವರ್ಷಗಳ ತರುವಾಯ ಫ್ರಾನ್ಸಿನ ಕ್ಯೂವಿಯೆ ಪಂಡಿತನು, ಅರಿಸ್ಟಾಟಲ್ ಮಹಾಶಯನು ಹೇಳಿದ್ದ ‘ಕುದುರೆಜಿಂಕೆ’ಯೇ ಇದೆಂದು ಊಹಿಸಿ, ಬಂಗಾಳದ ಕಡವೆಗೆ ಆ ತತ್ತ್ವಜ್ಞಾನಿಯ ಹೆಸರನ್ನೇ ಕಟ್ಟಿದನು. ಬಹುಕಾಲ ನಮ್ಮ ಕಡವೆ ಅರಿಸ್ಟಾಟಲನ ಹೆಸರನ್ನು ಹೊತ್ತು ಓಡಾಡಿತು. ಈಗ ಅದು ಹೋಗಿ ಕೆರ್ ಇಟ್ಟ ಹೆಸರೇ ನಿಂತಿದೆ. ಕಡವೆಯ ಜಾತಿ ಭರತಖಂಡದಿಂದ ಹಿಡಿದು ಬರ್ಮಾ, ದಕ್ಷಿಣ ಚೀನ, ತೈವಾನ್, ಸುಮಾತ್ರಾ, ಬೋರ್ನಿಯೋವರೆಗೂ ಹರಡಿಕೊಂಡಿದೆ. ಹೀಗೆ ದೂರದೂರದ ನಾಡುಗಳಲ್ಲಿ ನೆಲಸಿ, ಗಾತ್ರದಲ್ಲಿಯೂ ಕೊಂಬಿನಲ್ಲಿಯೂ ಸ್ವಲ್ಪಸ್ವಲ್ಪ ಬೇರೆಯಾಗಿ ನಿಂತ ಕವಲುಗಳನ್ನು ಶಾಸ್ತ್ರಜ್ಞರು ಉಪಜಾತಿಗಳೆನ್ನುತ್ತಾರೆ. ಭರತಖಂಡ ಮತ್ತು ಸಿಂಹಳದ ಉಪಜಾತಿಯೇ ಇವುಗಳಲ್ಲೆಲ್ಲ ದೊಡ್ಡದು. ಕೊಂಬಿನಲ್ಲಿಯೂ ಅದೇ ಹಿರಿದು.

೧೭೯೨ ಎಂದೆವಷ್ಟೆ. ಅದಕ್ಕೆ ಸ್ವಲ್ಪವೇ ಹಿಂದೆ, ೧೭೯೧ರ ಡಿಸೆಂಬರ್ ತಿಂಗಳಿನಲ್ಲಿ, ಕಾರ್ನ್‌ವಾಲಿಸನ ಸೈನ್ಯವು ಟಿಪ್ಪುಸುಲ್ತಾನನ ಸಾವನದುರ್ಗಕ್ಕೆ ಮುತ್ತಿಗೆ ಹಾಕಿತ್ತು. ಮಾಗಡಿಯ ಬಳಿ ಕರಿಗುಡ್ಡ, ಬಿಳಿಗುಡ್ಡಗಳೆಂದು ಎರಡಾಗಿ ಸೀಳಿ, ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗಳಿಗೂ ಮಿಕ್ಕಿ ಎದ್ದುನಿಂತಿರುವ ಆ ಹೆಬ್ಬಂಡೆಯನ್ನು ಕೇಳುಗರಲ್ಲಿ ಅನೇಕರು ಹತ್ತಿಯೇ ಇರಬಹುದು. ಅಂದಿನ ಸೈನಿಕರಿಗೆ ಬಂಡೆಗಿಂತ ಹೆಚ್ಚಾಗಿ ಭಯವನ್ನುಂಟುಮಾಡಿದುದು ಅದರ ಸುತ್ತಣ ಕಾಡು. ಬೆಟ್ಟದ ಬುಡವನ್ನು ಮೈಲಿಗಟ್ಟಳೆ ಬಳಸಿದ್ದ ಬಿದಿರುಮೆಳೆ, ಮುಳ್ಳುಪೊದೆ, ಅದರೊಳಗಣ ಚಳಿಜ್ವರ ಇವೇ ಕೋಟೆಯ ಮೊದಲನೆಯ ಸುತ್ತು ಎನ್ನುವಂತಿದ್ದವು. ‘ಸಾವಿನ ದುರ್ಗ’ವೆಂದು ಜನರು ಹೆಸರನ್ನು ಬಿಡಿಸಿ ಹೇಳುವುದಕ್ಕೆ ಈ ಜ್ವರವೂ ಒಂದು ಕಾರಣವಾಗಿರಬೇಕು. ಕಾಡಿನೊಳಗೆ ದಾರಿ ಕಡಿದು, ಫಿರಂಗಿಗಳನ್ನು ಎಳೆದೊಯ್ದು, ೨೧ನೆಯ ತಾರೀಖಿನಂದು ಕೋಟೆಯನ್ನು ಹಿಡಿದರು. ಇತಿಹಾಸಕಾರರಿಗೆ ಆ ಕಾಡು ಯುದ್ಧದ ತೊಡಕು. ಕಡವೆಯನ್ನು ಕುರಿತು ಯೋಚಿಸುವವರಿಗೆ ಅದು ಬೇರೆಯಾಗಿ ಕಾಣುತ್ತದೆ. ಕಡಿದಾದ ಬೆಟ್ಟದ ಇಳಿಜಾರು, ಒತ್ತಾದ ಮೆಳೆ, ಬುಡದಲ್ಲಿ ನೀರು, ಮನುಷ್ಯನ ಕಾಲುಹಾದಿಯ ಕೊರತೆ: ಈ ನಾಲ್ಕೂ ಕೂಡಿದ ಕಡೆಯನ್ನೇ ಕಡವೆ ತನ್ನ ಮನೆಯಾಗಿ ಆರಿಸಿಕೊಳ್ಳುವುದು.

ಬಲಿತ ಗಂಡುಕಡವೆಯ ಹೆಗಲಿನ ಎತ್ತರ ಸುಮಾರು ೫ ಅಡಿ, ತೂಕ ೨೨೫ರಿಂದ ೩೨೦ ಕಿಲೋಗ್ರಾಂ. ಒರಟು ಕೂದಲು, ಗಂಡಿಗೆ ಕತ್ತಿನ ಸುತ್ತ ಕೇಸರ, ಅಗಲವಾದ ದುಂಡು ಕಿವಿಗಳು. ವಯಸ್ಸಾದ ಗಂಡು ಹೆಚ್ಚುಕಡಮೆ ಕಪ್ಪಾಗಿಯೇ ಕಾಣುತ್ತದೆ. ಹೆಣ್ಣು ಅದಕ್ಕಿಂತ ಚಿಕ್ಕದು, ಬಣ್ಣದಲ್ಲಿಯೂ ತಿಳಿ. ಅದಕ್ಕೆ ಕೊಂಬಿಲ್ಲ. ಚುಕ್ಕೆಯ ಸಾರಗದ ಹಿಂಡುಗಳು ಬಯಲಿನಲ್ಲಿ ನೂರರಂತೆ ಮೇಯುವುದನ್ನು ನೋಡಿ ಬಂದವರು ಕಡವೆಯನ್ನೂ ಹಾಗೆಯೇ ಊಹಿಸಿಕೊಳ್ಳುವುದುಂಟು. ಅದು ಸರಿಯಲ್ಲ. ಕಡವೆ ಗುಂಪಿನ ಪ್ರಾಣಿಯಲ್ಲ, ಬೆಳಕಿನ ಪ್ರಾಣಿಯೂ ಅಲ್ಲ. ತಾಯಿ, ಅದರ ಮರಿ, ಕಳೆದ ವರ್ಷದ ಮರಿ, ಇಷ್ಟೇ ಸಾಮಾನ್ಯವಾಗಿ ಒಂದು ಸಂಸಾರ. ಗಂಡು ವರ್ಷದ ಬಹುಭಾಗ ಒಂಟಿ. ಹಗಲೆಲ್ಲ ಬೆಟ್ಟದ ಪಕ್ಕದ ದಟ್ಟನೆರಳಿನಲ್ಲಿ ಮಲಗಿದ್ದು, ಹೊತ್ತು ಇಳಿದ ಮೇಲೆ ಎದ್ದು, ಇರುಳೆಲ್ಲ ಮೇದು, ನಸುಕಿನಲ್ಲಿ ಮತ್ತೆ ಮೆಳೆಯನ್ನು ಸೇರುತ್ತದೆ. ಇಷ್ಟು ದೊಡ್ಡ ದೇಹವನ್ನು ಹೊತ್ತು ಸದ್ದಿಲ್ಲದೆ ಒಣಗಿದ ಕಾಡಿನಲ್ಲಿ ನಡೆದುಹೋಗುವ ಅದರ ಚಾತುರ್ಯವನ್ನು ಹಳೆಯ ಷಿಕಾರಿಗಳೆಲ್ಲ ಹೊಗಳಿದ್ದಾರೆ. ಅದರ ಕಣ್ಣು ಸಾಧಾರಣ. ಮೂಗು ಮತ್ತು ಕಿವಿ ಅಸಾಧಾರಣ.

ಆಹಾರದ ವಿಷಯದಲ್ಲಿ ಕಡವೆಗೆ ಹಟವಿಲ್ಲ. ಎಲೆ, ಚಿಗುರು, ಬಿದಿರಿನ ಕಳಲೆ, ಉದುರಿದ ಹಣ್ಣು, ಮಳೆ ಬಿದ್ದ ಮೇಲೆ ಹಸಿಹುಲ್ಲು, ಏನೂ ಇಲ್ಲದಾಗ ಮರದ ತೊಗಟೆ. ಆದರೆ ನೀರಿನ ವಿಷಯದಲ್ಲಿ ಮಾತ್ರ ಹಟವುಂಟು. ಬೇಸಗೆಯಲ್ಲಿ ನೀರಿಗೆ ಸಮೀಪದಲ್ಲಿಯೇ ಇರುತ್ತದೆ; ಕೆಸರಿನಲ್ಲಿ ಹೊರಳುತ್ತದೆ; ಮೈಯೆಲ್ಲ ಮುಳುಗಿಸಿ ತಲೆಯನ್ನಷ್ಟೇ ಹೊರಗಿಟ್ಟು ಚೆನ್ನಾಗಿ ಈಜುತ್ತದೆ. ರಾಜಸ್ಥಾನದ ರಣಥಂಬೋರಿನ ಕೆರೆಗಳಲ್ಲಿ ಎದೆಮಟ್ಟದ ನೀರಿಗೆ ಇಳಿದು ಜಲಸಸ್ಯಗಳನ್ನು ತಿನ್ನುವ ಕಡವೆಗಳನ್ನು ಹಗಲಿನಲ್ಲಿಯೇ ನೋಡಬಹುದು. ಕಾಡಿನ ಉಪ್ಪುಮಣ್ಣನ್ನು ನೆಕ್ಕುವುದಕ್ಕೂ ಅದು ದೂರ ನಡೆದು ಬರುತ್ತದೆ.

ಕೊಂಬಿನ ಸಂಗತಿಯನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ವಿದ್ಯಾವಂತರಲ್ಲಿಯೂ ಈ ಬಗೆಗೆ ತಪ್ಪು ತಿಳಿವಳಿಕೆಯುಂಟು. ದನದ ಕೊಂಬು ಒಳಗೆ ಮೂಳೆ, ಹೊರಗೆ ಉಗುರಿನಂಥ ದ್ರವ್ಯದ ಒರೆ. ಅದು ಒಮ್ಮೆ ಮೂಡಿದ ಮೇಲೆ ಸಾವಿನವರೆಗೆ ಉಳಿಯುವುದು. ಕಡವೆಯದು ಹಾಗಲ್ಲ. ಅದು ಆದ್ಯಂತವೂ ಮೂಳೆ, ಮತ್ತು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬುಡಸಹಿತ ಕಳಚಿ ಬೀಳುವಂಥದು. ನಮ್ಮ ಸೀಮೆಯಲ್ಲಿ ಬೇಸಗೆಯೇ ಹೆಚ್ಚಾಗಿ ಕಳಚುವ ಕಾಲ. ಬಿದ್ದ ಜಾಗದಲ್ಲಿ, ಹಣೆಯ ಎರಡು ಮೊಟ್ಟುಗಳ ಮೇಲೆ, ಹೊಸ ಕೊಂಬು ಮಖಮಲ್ಲಿನಂಥ ಮೃದುಚರ್ಮವನ್ನು ಹೊದ್ದು ಏಳುತ್ತದೆ. ಆಗ ಅದರೊಳಗೆ ರಕ್ತ ಹರಿಯುತ್ತಿರುತ್ತದೆ. ಮುಟ್ಟಿದರೆ ಬಿಸಿ, ತಗುಲಿದರೆ ನೋವು, ಗಾಯ. ಆದಕಾರಣ ಈ ತಿಂಗಳುಗಳಲ್ಲಿ ಅರಣ್ಯದ ಈ ಪ್ರಬಲನು ಹೇಡಿಯಂತೆ ಮೆಳೆಗಳಲ್ಲಿ ಅಡಗಿರುತ್ತಾನೆ. ಮಳೆಗಾಲ ಕಳೆಯುವ ಹೊತ್ತಿಗೆ ಬೆಳೆವಣಿಗೆ ಮುಗಿದು, ರಕ್ತ ನಿಂತು, ಚರ್ಮ ಒಣಗಿ ಚಿಂದಿಯಾಗುತ್ತದೆ. ಅದನ್ನು ಮರಗಳಿಗೆ ಉಜ್ಜಿ ಉಜ್ಜಿ ಹರಿದುಹಾಕಿ, ಗಟ್ಟಿಮೂಳೆಯ ಕೊಂಬನ್ನು ಹೊರಕ್ಕೆ ತರುವುದು. ಮೊದಲ ಸಲ ಹುಟ್ಟುವುದು ಒಂದೇ ಸೀಳಿನ ಕಡ್ಡಿ, ಮರುವರ್ಷ ಕವಲು, ಕಡೆಗೆ ಪಕ್ಕಕ್ಕೆ ಮೂರರಂತೆ ಆರು ಮೊನೆಗಳು. ಹುಬ್ಬಿನ ಮೇಲೆ ಒಂದು, ತುದಿಯಲ್ಲಿ ಎರಡು. ಅಮೆರಿಕದ ಎಲ್ಕಿನ ಕೊಂಬಿಗೆ ಪಕ್ಕಕ್ಕೆ ಆರು ಮೊನೆಗಳಿರುವುದು ವಾಡಿಕೆ. ದೊರೆಗಳು ಎಣಿಸಿ ನೋಡಿದ್ದರೆ ಹೆಸರಿನ ಗೊಂದಲವೇ ಹುಟ್ಟುತ್ತಿರಲಿಲ್ಲ! ಒಳ್ಳೆಯ ಕೊಂಬಿನ ಉದ್ದ ಮೂರು ಅಡಿ; ನಾಲ್ಕು ಅಡಿಯನ್ನು ಮೀರಿದವೂ ದಾಖಲೆಯಲ್ಲಿವೆ. ಬಿದ್ದ ಕೊಂಬು ಕಾಡಿನಲ್ಲಿ ವ್ಯರ್ಥವಾಗುವುದಿಲ್ಲ. ಮುಳ್ಳುಹಂದಿಗಳು ಅದರ ಸುಣ್ಣದಂಶಕ್ಕಾಗಿ ಕಡಿದು ಕಡಿದು ತಿನ್ನುತ್ತವೆ. ಹಿಂದೆ ಚಾಕುವಿನ ಹಿಡಿ, ಗುಂಡಿ ಮುಂತಾದುವನ್ನು ಮಾಡುವುದಕ್ಕೆ ಗಾಡಿಗಟ್ಟಳೆ ಕೊಂಬು ಹಡಗು ಹತ್ತುತ್ತಿತ್ತು. ಈಗ ಕೊಂಬನ್ನು ಅನುಮತಿಯಿಲ್ಲದೆ ಕಾಡಿನಿಂದ ತರುವುದು ಕಾನೂನು ಒಪ್ಪುವ ಮಾತಲ್ಲ. ಮುಳ್ಳುಹಂದಿಯ ಪಾಲು ಮುಳ್ಳುಹಂದಿಗೇ ಉಳಿದಿದೆ.

ಕೊಂಬು ಗಟ್ಟಿಯಾದ ಮೇಲೆ, ಚಳಿಗಾಲದ ಮೊದಲಲ್ಲಿ, ಬೆದೆಯ ಕಾಲ. ಗಂಡು ಒಂದು ಕಣಿವೆಯನ್ನೋ ನೀರಿನ ಬದಿಯನ್ನೋ ತನ್ನದೆಂದು ಹಿಡಿದು, ಇತರ ಗಂಡುಗಳನ್ನು ಓಡಿಸುತ್ತದೆ. ಕೆಸರಿನಲ್ಲಿ ಹೊರಳಿ, ಕಣ್ಣಿನ ಕೆಳಗಣ ಗ್ರಂಥಿಯನ್ನು ಅಗಲವಾಗಿ ತೆರೆದು, ಮರಗಳಿಗೆ ವಾಸನೆಯನ್ನು ಬಳಿಯುತ್ತದೆ. ಕೆಲವೊಮ್ಮೆ ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು ಮೇಲಣ ಕೊಂಬೆಗಳಿಗೆ ತಲೆಯನ್ನು ಉಜ್ಜುವುದುಂಟು. ಮೊದಲ ಸಲ ನೋಡಿದವರಿಗೆ ಇದು ಯಾವುದೋ ಪೂಜಾವಿಧಿಯಂತೆ ತೋರಬಹುದು. ಬೆದೆಯ ದಿನಗಳಲ್ಲಿ ಗಂಟಲಿನ ಕೆಳಗೆ ಕೂದಲು ಉದುರಿ ಹಸಿಗಾಯದಂತೆ ಕೆಂಪಗೆ ಕಾಣುವ ಒಂದು ಗುರುತು ಏಳುತ್ತದೆ. ಮರಿಯಿರುವ ಹೆಣ್ಣಿನಲ್ಲಿಯೂ ಇದು ಕಾಣಬರುವುದರಿಂದ, ಹಿಂದಿನವರು ಎಣಿಸಿದಂತೆ ಗುಂಡಿನ ಗಾಯವಲ್ಲ. ಸುಮಾರು ಎಂಟು ತಿಂಗಳ ಗರ್ಭವಾದ ಮೇಲೆ ಸಾಧಾರಣವಾಗಿ ಒಂದೇ ಮರಿ. ಇದೇ ಅದರ ದೌರ್ಬಲ್ಯದ ಮೂಲ. ಹಂದಿ ಒಮ್ಮೆಗೆ ಹಲವನ್ನು ಈಯುತ್ತದೆ. ಕಡವೆಯ ತಾಯಿ ವರ್ಷಕ್ಕೊಂದನ್ನು ಸಾಕಿ ಉಳಿಸಬೇಕು.

ಉಳಿಸುವುದಕ್ಕೆ ಅದರ ಬಳಿಯಿರುವ ಆಯುಧಗಳಲ್ಲಿ ಮುಖ್ಯವಾದುದು ಧ್ವನಿ. ಅಪಾಯವನ್ನು ಮೂಸಿದೊಡನೆ ಕಡವೆ ಬಾಲವನ್ನೆತ್ತಿ, ಮುಂಗಾಲನ್ನು ನೆಲಕ್ಕೆ ಬಡಿದು, ‘ಢಾಂಕ್’ ಎಂದು ಒಂದೇ ಕೂಗನ್ನು ಹೊಡೆಯುತ್ತದೆ. ಹಳೆಯ ತುತ್ತೂರಿಯ ಒಡಕುಧ್ವನಿಯಂತಿರುವ ಆ ಶಬ್ದ ರಾತ್ರಿಯಲ್ಲಿ ಬಹುದೂರ ಕೇಳುತ್ತದೆ. ಕಪಿಗಳೂ ಸಾರಗಗಳೂ ಸುಮ್ಮಸುಮ್ಮನೆ ಗಾಬರಿಯಾಗಿ ಕೂಗುವುದುಂಟು. ಕಡವೆ ಬಿಡದೆ ಕೂಗುತ್ತಿದ್ದರೆ ಮಾತ್ರ ಹತ್ತಿರದಲ್ಲಿ ಹುಲಿಯೋ ಚಿರತೆಯೋ ಇದೆಯೆಂದು ಕಾಡಿನ ಜನ ನಿಶ್ಚಯಿಸುತ್ತಾರೆ. ಹುಲಿಗಂತೂ ಕಡವೆ ಅತ್ಯಂತ ಪ್ರಿಯವಾದ ಆಹಾರ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರೂ ಅಮೆರಿಕದ ಸನ್‌ಕ್ವಿಸ್ಟ್ ಎಂಬುವರೂ ನಡಸಿ ೧೯೯೫ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಹುಲಿಯು ಕಾಟಿ, ಕಡವೆಗಳಂಥ ದೊಡ್ಡ ಮೃಗಗಳನ್ನೇ ಆರಿಸಿಕೊಳ್ಳುತ್ತದೆಂದೂ, ಚಿರತೆ ಮತ್ತು ಕೆನ್ನಾಯಿಗಳು ಅದಕ್ಕಿಂತ ಚಿಕ್ಕವನ್ನು ನೆಚ್ಚುತ್ತವೆಂದೂ ಸ್ಪಷ್ಟವಾಯಿತು. ಒಂದು ಕಡವೆ ಹುಲಿಗೆ ಹಲವು ದಿನಗಳ ಊಟ. ಕಡವೆ ಇಲ್ಲದಾದ ಕಾಡಿನಲ್ಲಿ ಅಷ್ಟೇ ಮಾಂಸಕ್ಕೆ ಹುಲಿ ಮತ್ತೆ ಮತ್ತೆ ಬೇಟೆಯಾಡಬೇಕು. ತಾಯಿಹುಲಿಯಾದರೆ ಮರಿಗಳನ್ನು ಬಿಟ್ಟು ಅಷ್ಟಷ್ಟು ಸಲ ಹೋಗಬೇಕು. ಕೆನ್ನಾಯಿಗಳ ಹಿಂಡು ಬೆನ್ನಟ್ಟಿದಾಗ ಕಡವೆಯ ಉಪಾಯ ಬೇರೆ: ಮಡುವಿಗೆ ಧುಮುಕಿ, ನಾಯಿಗಳಿಗೆ ಕಾಲು ನಿಲ್ಲದಷ್ಟು ಆಳದಲ್ಲಿ ತಾನು ನಿಂತು ಎದುರಿಸುವುದು. ನೀರಿಲ್ಲದ ಕಾಡಿನಲ್ಲಿ ಈ ಉಪಾಯವೂ ಇಲ್ಲ.

ಹೀಗಿರಲು ಮತ್ತೆ ಸಾವನದುರ್ಗಕ್ಕೆ ಬರೋಣ. ಬಿಡುವಿನ ದಿನಗಳಲ್ಲಿ ಬೆಂಗಳೂರಿನಿಂದ ನೂರಾರು ಜನ ಆ ಬಂಡೆಯನ್ನು ಹತ್ತುತ್ತಾರೆ. ನಾವೂ ಹತ್ತಿದ್ದೇವೆ. ಮೇಲೆ ನಿಂತರೆ ಒಂದು ಕಡೆಗೆ ಮಂಚನಬೆಲೆಯ ನೀರು, ಸುತ್ತಲೂ ಕುರುಚಲು ಕಾಡು, ಅದನ್ನು ತಿನ್ನುತ್ತ ಬರುತ್ತಿರುವ ಹೊಲ, ತೋಟ, ಮನೆಗಳು. ಚಿರತೆಯೂ ಕರಡಿಯೂ ಈ ಬಂಡೆಗಳ ನಡುವೆ ಇಂದಿಗೂ ಇವೆ. ಬೆಟ್ಟದಲ್ಲಿ ಕಡವೆಯನ್ನು ಕಂಡೆವೆಂದು ಹೇಳುವ ಒಬ್ಬ ಯಾತ್ರಿಕನನ್ನಾಗಲಿ, ದನಗಾಹಿಯನ್ನಾಗಲಿ ನಾವು ಭೇಟಿಯಾಗಿಲ್ಲ. ಚಿರತೆ ಎಲ್ಲಿಯಾದರೂ ಹೊಂದಿಕೊಳ್ಳುವ ಪ್ರಾಣಿ. ಕಾಡಿನಲ್ಲಿ ಕಡವೆಯ ಮರಿ, ಸಾರಗ ಸಿಕ್ಕದಿದ್ದರೆ ಊರಿನ ನಾಯಿ, ಮೇಕೆಗಳಿಂದ ಕಾಲ ಕಳೆಯುತ್ತದೆ. ಅಂದರೆ ಊರಿಗೆ ಬರುತ್ತದೆ. ೨೦೨೦ರ ಮೇ ತಿಂಗಳಿನಲ್ಲಿ ಇದೇ ಮಾಗಡಿ ತಾಲ್ಲೂಕಿನಲ್ಲಿ ಒಂದು ಸಣ್ಣ ಮಗುವೂ ಒಬ್ಬ ವೃದ್ಧೆಯೂ ಚಿರತೆಗೆ ಬಲಿಯಾದರು. ಆ ದುರಂತಕ್ಕೆ ಜಿಂಕೆಗಳ ಅಭಾವವೊಂದೇ ಕಾರಣವೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಮಾಂಸಾಹಾರಿಯನ್ನು ಉಳಿಸಿಕೊಂಡು ಅದರ ಆಹಾರವನ್ನು ಕಳೆದುಕೊಂಡ ಬೆಟ್ಟದ ಬುಡದಲ್ಲಿ ಬಾಳುವುದು ಸುಲಭವಲ್ಲವೆಂಬುದನ್ನು ಆ ಹಳ್ಳಿಗಳವರಿಗೆ ನಾವು ಕಲಿಸಬೇಕಾಗಿಲ್ಲ.

ಕಡವೆಯನ್ನು ಕಾಣಬೇಕಾದವರು ಬೆಟ್ಟದಿಂದಿಳಿದು ಅರ್ಕಾವತಿಯ ಜೊತೆಯಲ್ಲಿ ಹೋಗಬೇಕು. ನಂದಿಬೆಟ್ಟದ ಕಡೆಯಿಂದ ಬರುವ ಆ ನದಿ ಮಂಚನಬೆಲೆಯನ್ನು ದಾಟಿ, ರಾಮನಗರ, ಕನಕಪುರಗಳನ್ನು ಹಾದು, ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ದಾರಿಯಲ್ಲಿ ಪಟ್ಟಣಗಳ ಕೊಳೆಯನ್ನೆಲ್ಲ ಹೊತ್ತು ಅದು ಯಾವ ಸ್ಥಿತಿಯಲ್ಲಿ ಕೂಡುತ್ತದೆಂಬುದು ಬೇರೆಯ ಪ್ರಸಂಗ. ಸಂಗಮ, ಮುತ್ತತ್ತಿಗಳ ಕಾಡು ೧೯೮೭ರಿಂದ ಕಾವೇರಿ ವನ್ಯಜೀವಿಧಾಮ. ಅದರ ಉತ್ತರಕ್ಕೆ, ಬೆಂಗಳೂರಿನ ಬಾಗಿಲಿನವರೆಗೂ ಚಾಚಿಕೊಂಡಿರುವುದು ೧೯೭೪ರಲ್ಲಿ ಸ್ಥಾಪಿತವಾದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. ಈ ಎರಡರಲ್ಲಿಯೂ ಕಡವೆಗಳಿವೆ. ಬೇಸಗೆಯಲ್ಲಿ ಒಣಗಿ ಬೂದಿಬಣ್ಣವಾಗುವ ಗುಡ್ಡಗಳ ನಡುವೆ, ಕಾವೇರಿಯ ಎರಡು ದಡಗಳಲ್ಲಿ ಮಾತ್ರ ಮತ್ತಿ, ನೇರಳೆ ಮರಗಳ ಹಸುರುಪಟ್ಟಿಯೊಂದು ಉಳಿಯುತ್ತದೆ. ಕಡವೆಗೆ ಬೇಕಾದ ನೆರಳು, ಚಿಗುರು, ಮಡು ಮೂರೂ ಆ ತಿಂಗಳುಗಳಲ್ಲಿ ಒಟ್ಟಿಗೆ ದೊರೆಯುವುದು ಅಲ್ಲಿಯೇ.

ಈ ಪಟ್ಟಿಯ ಮೇಲೆಯೇ ಈಗ ಒಂದು ಪ್ರಶ್ನೆ ನಿಂತಿದೆ. ಸಂಗಮದ ಕೆಳಗೆ ಮೇಕೆದಾಟಿನಲ್ಲಿ ಜಲಾಶಯವನ್ನು ಕಟ್ಟಬೇಕೆಂಬ ಯೋಜನೆಯನ್ನು ಕೇಳುಗರು ಬಲ್ಲರು. ಅದರಲ್ಲಿ ಸುಮಾರು ೬೭ ಟಿ.ಎಂ.ಸಿ. ನೀರನ್ನು ನಿಲ್ಲಿಸಿ, ಬೆಂಗಳೂರಿನ ಕುಡಿಯುವ ನೀರಿಗೂ ವಿದ್ಯುತ್ತಿಗೂ ಬಳಸಬೇಕೆಂಬುದು ಸಂಕಲ್ಪ. ಮುಳುಗಡೆಯಾಗುವ ನೆಲ ಸುಮಾರು ೫,೦೦೦ ಹೆಕ್ಟೇರು. ಅದರಲ್ಲಿ ಬಹುಭಾಗ ಕಾಡು. ನೀರು ಏರಿದರೆ ಕಡವೆಗೆ ನೀರೇನೋ ಹೆಚ್ಚುತ್ತದೆ, ನೀರಿನ ಬದಿಯ ಮರಗಳು ಇರುವುದಿಲ್ಲ. ಮೇಲಣ ಒಣಗುಡ್ಡಗಳಲ್ಲಿ ಅಂಥ ಮರಗಳು ಬೆಳೆಯಲಾರವು. ಇದನ್ನು ಹೇಳುತ್ತಿರುವ ನಾವೂ ಕೇಳುತ್ತಿರುವ ತಾವೂ ಆ ನದಿಯ ನೀರನ್ನೇ ಕುಡಿಯುವವರು. ಆದುದರಿಂದ ಯಾರನ್ನೂ ದೂರುವ ಅಧಿಕಾರ ನಮಗಿಲ್ಲ. ಲೆಕ್ಕದ ಪುಸ್ತಕದಲ್ಲಿ ಮುಳುಗುವ ಹೆಕ್ಟೇರುಗಳ ಎದುರಿಗೆ ಅವು ಎಂಥ ಹೆಕ್ಟೇರುಗಳೆಂಬುದನ್ನೂ ಬರೆದುಕೊಳ್ಳಬೇಕೆಂದಷ್ಟೇ ನಮ್ಮ ಬಿನ್ನಹ.

ಲೋಕದ ಪ್ರಕೃತಿಸಂರಕ್ಷಣಾ ಸಂಘದವರು ೨೦೦೮ರಿಂದ ಕಡವೆಯನ್ನು ಅಪಾಯದ ಅಂಚಿನಲ್ಲಿರುವ ಜಾತಿಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಕಳ್ಳಬೇಟೆಯೂ ಕಾಡಿನ ನಾಶವೂ ಅದಕ್ಕೆ ಕಾರಣ. ವಿಚಿತ್ರವೆಂದರೆ, ೧೮೬೦ರ ದಶಕದಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತಕ್ಕೆ ಬೇಟೆಯ ವಿನೋದಕ್ಕಾಗಿ ಒಯ್ದು ಬಿಟ್ಟ ಕಡವೆಗಳು ಅಲ್ಲಿ ಹೆಚ್ಚಿಹೋಗಿ, ಆ ನಾಡಿನ ಗಿಡಮರಗಳಿಗೆ ಪೀಡೆಯೆಂದು ಎಣಿಸಲ್ಪಡುತ್ತಿವೆ. ಅಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ, ಕೆನ್ನಾಯಿಯಿಲ್ಲ. ಕೂಗುವುದಕ್ಕೆ ಕಾರಣವಾಗಿ ಉಳಿದಿರುವವನು ಮನುಷ್ಯನೊಬ್ಬನೇ.

ಒಂದು ಬೇಸಗೆಯ ಸಂಜೆ ಸಂಗಮದ ಬಳಿ ಹೊಳೆಯ ದಡದಲ್ಲಿ ನಾವು ಕುಳಿತಿದ್ದೆವು. ಕತ್ತಲಾಗುತ್ತಿತ್ತು. ಎದುರುದಡದ ಮತ್ತಿಮರಗಳ ಕೆಳಗಿನಿಂದ ‘ಢಾಂಕ್’ ಎಂದು ಒಂದು ಕೂಗು ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು, ಗುಡ್ಡದ ಕಡೆಗೆ ಕೊಂಚ ಸರಿದು. ಜೊತೆಯಲ್ಲಿದ್ದ ಊರಿನ ಮುದುಕನು ಬೀಡಿಯನ್ನು ಆರಿಸಿ, ‘ಚಿರತೆ ಮೇಲಕ್ಕೆ ಹೋಗ್ತಾ ಅದೆ’ ಎಂದನು. ಕಡವೆಯನ್ನಾಗಲಿ ಚಿರತೆಯನ್ನಾಗಲಿ ನಾವು ಅಂದು ನೋಡಲಿಲ್ಲ. ಮೂರನೆಯ ಕೂಗು ಇನ್ನೂ ಮೇಲಿನಿಂದ ಕೇಳಿಸಿತು. ಆಮೇಲೆ ನೀರಿನ ಸದ್ದೊಂದೇ ಉಳಿಯಿತು.